ಮಲೆನಾಡಿನ ಮಕ್ಕಳ ಹಲ್ಲು: ಒಂದು ರೂಢಿಯ ಚರಿತ್ರೆ

ಹಲ್ಲುಜ್ಜಿ ಮುಖ ತೊಳೆಯದ ಮಗುವಿಗೆ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ ಎಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕಟ್ಟಳೆ. ಇದನ್ನು ಹಾಕಿಕೊಟ್ಟವರು ವೈದ್ಯರಲ್ಲ, ಮನೆಯ ಹಿರಿಯರು. ಅವರು ಹೇಳುತ್ತಿದ್ದ ಕಾರಣವೂ ಹುಳುಕಲ್ಲ, ಮೈಲಿಗೆ. ರಾತ್ರಿ ಮಲಗಿ ಎದ್ದ ಬಾಯಿ ಅಶುದ್ಧ; ಆ ಬಾಯಲ್ಲಿ ದೇವರ ಹೆಸರು ಹೇಳಬಾರದು, ಏನನ್ನೂ ತಿನ್ನಬಾರದು. ಹೀಗೆ ಶುದ್ಧಿಯ ಲೆಕ್ಕದಲ್ಲಿ ಹುಟ್ಟಿದ್ದರಿಂದ ಕಟ್ಟಳೆ ಬೆಳಗಿಗೇ ಅಂಟಿಕೊಂಡಿತು. ಮಕ್ಕಳ ಹಲ್ಲಿಗೆ ಹೆಚ್ಚಿನ ಕೇಡು ರಾತ್ರಿಯಲ್ಲಿ ಎಂಬ ತಿಳಿವಳಿಕೆ ಬಂದಮೇಲೂ ಅದು ಬೆಳಗಿನಿಂದ ಸುಲಭವಾಗಿ ಕದಲಲಿಲ್ಲ.

ಹಳೆಯ ಗ್ರಂಥಗಳು ಬೆಳಗನ್ನು ಮಾತ್ರ ಹೇಳಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಚರಕಸಂಹಿತೆ ದಿನಕ್ಕೆ ಎರಡು ಹೊತ್ತು ಹಲ್ಲುಜ್ಜಲು ಹೇಳುತ್ತದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಬೆಳಿಗ್ಗೆ ಒಮ್ಮೆ, ಉಂಡಮೇಲೆ ಒಮ್ಮೆ ಎಂದೇ ಇದೆ. ಎಕ್ಕ, ಆಲ, ಕಗ್ಗಲಿ, ಹೊಂಗೆ, ಹೊಳೆಮತ್ತಿ ಮುಂತಾದ ಒಗರು, ಕಹಿ, ಖಾರದ ಮರಗಳ ಕಡ್ಡಿಯನ್ನು ಕಿರುಬೆರಳ ಗಾತ್ರಕ್ಕೆ, ಹನ್ನೆರಡು ಅಂಗುಲ ಉದ್ದಕ್ಕೆ ಮುರಿದು, ತುದಿಯನ್ನು ಜಗಿದು ಮೆತ್ತಗೆ ಮಾಡಿ, ವಸಡಿಗೆ ತಾಗದಂತೆ ಉಜ್ಜಬೇಕೆಂದು ಆತ ಬರೆದಿದ್ದಾನೆ. ಧರ್ಮಶಾಸ್ತ್ರಗಳು ಇದಕ್ಕೆ ತಿಥಿಯ ನಿಯಮ ಸೇರಿಸಿದವು. ಪಾಡ್ಯ, ಷಷ್ಠಿ, ನವಮಿ, ಅಮಾವಾಸ್ಯೆಗಳಂದು ಕಡ್ಡಿ ಮುಟ್ಟದೆ ಹನ್ನೆರಡು ಬಾರಿ ಬಾಯಿ ಮುಕ್ಕಳಿಸಬೇಕು. ಶೃಂಗೇರಿಯಂಥ ವೇದಾಧ್ಯಯನದ ಊರಿನಲ್ಲಿ ವಟುಗಳ ದಿನಚರಿಗೆ ಆಧಾರವಾದದ್ದು ಈ ಬಗೆಯ ಆಹ್ನಿಕ ಗ್ರಂಥಗಳು. ಗ್ರಂಥದಿಂದ ಮನೆಗೆ ಬರುವಷ್ಟರಲ್ಲಿ ಉಂಡಮೇಲೆ ಹಲ್ಲುಜ್ಜುವ ಮಾತು ಬಿಟ್ಟುಹೋಯಿತು. ಅದರ ಜಾಗದಲ್ಲಿ ಉಳಿದದ್ದು ಕೈತೊಳೆದು ಬಾಯಿ ಮುಕ್ಕಳಿಸುವ ಪದ್ಧತಿ. ಅದೂ ಸಣ್ಣ ಸಂಗತಿಯಲ್ಲ; ಊಟ ಮುಗಿಸಿ ಬಾಯಿ ಮುಕ್ಕಳಿಸದ ಮಗುವನ್ನು ಹಿರಿಯರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಬಹುಪಾಲು ಮಕ್ಕಳಿಗೆ ಹಲ್ಲುಜ್ಜುವ ಸಾಮಗ್ರಿ ಸಿಗುತ್ತಿದ್ದದ್ದು ಬಚ್ಚಲಲ್ಲಿ. ನೀರು ಕಾಯಿಸುವ ಒಲೆಯಿಂದ ಒಂದು ಚೂರು ಇದ್ದಿಲು ತೆಗೆದು, ಅಂಗೈಯಲ್ಲಿ ಪುಡಿಮಾಡಿ, ಚಿಟಿಕೆ ಉಪ್ಪು ಬೆರೆಸಿ, ತೋರುಬೆರಳಿನಲ್ಲಿ ತಿಕ್ಕುವುದು. ಭತ್ತದ ಉಮಿಯನ್ನು ಸುಟ್ಟ ಉಮಿಕರಿ ಇದಕ್ಕಿಂತ ನಯವಾದದ್ದು. ಅದನ್ನು ಡಬ್ಬಿಯಲ್ಲಿ ತುಂಬಿಟ್ಟುಕೊಳ್ಳುವವರಿದ್ದರು. ಇನ್ನೊಂದು ಸಾಧನ ಮಾವಿನ ಎಲೆ. ನಡುವಿನ ದಂಟು ತೆಗೆದು ಎಲೆಯನ್ನು ಸುರುಳಿ ಸುತ್ತಿ ಉಜ್ಜಿ, ಆ ದಂಟನ್ನೇ ಸೀಳಿ ನಾಲಿಗೆ ಹೆರೆಯುತ್ತಿದ್ದರು. ಬಯಲುಸೀಮೆಯಲ್ಲಿ ಬೇವಿನ ಕಡ್ಡಿಗೆ ಇದ್ದ ಸ್ಥಾನ ಬೇವು ಅಪರೂಪವಾದ ಈ ಮಳೆನಾಡಿನಲ್ಲಿ ಮಾವಿನೆಲೆಗೂ ಇದ್ದಿಲಿಗೂ ಸಂದಿತು. ಹಲ್ಲಿನ ಮೇಲಿನ ಅಂಟು ತೆಗೆಯಲು ಇವೆಲ್ಲ ಸಾಕಾಗುತ್ತಿದ್ದವು. ಆದರೆ ತರಿತರಿಯಾದ ಇದ್ದಿಲು ವರ್ಷಗಟ್ಟಲೆ ತಿಕ್ಕಿದಾಗ ಎನಾಮಲ್ ಸವೆದು, ವಸಡಿನ ಬುಡದಲ್ಲಿ ಗೀರು ಬಿದ್ದು, ಹಲ್ಲು ಜುಮ್ಮೆನ್ನುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಇದ್ದಿಲನ್ನು ಹೊಗಳುವವರು ಈ ಸವೆತವನ್ನು ಮರೆಯುತ್ತಾರೆ.

ಹಾಲುಹಲ್ಲಿನ ಸುತ್ತ ಬೆಳೆದ ನಂಬಿಕೆಗಳು ಬೇರೆಯೇ ಇವೆ. ಮಗುವಿಗೆ ಮೊದಲು ಮೇಲಿನ ಹಲ್ಲು ಬಂದರೆ ಸೋದರಮಾವನಿಗೆ ಆಗದು ಎಂಬ ಮಾತು ಕರ್ನಾಟಕದ ಬಹಳ ಕಡೆ ಇರುವಂತೆ ಇಲ್ಲೂ ಇದೆ. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆಯುವುದು ಮಕ್ಕಳಿಗೆ ಹಬ್ಬವೇ ಸರಿ. ನೋವು ಬಂದಾಗ ಲವಂಗ, ಪೇರಲೆ ಚಿಗುರು, ಬಾಯಿ ಮರಗಟ್ಟಿಸುವ ಜುಮ್ಮಿನಕಾಯಿ ಇವು ಮದ್ದು. ಹುಳುಕು ಹಲ್ಲಿನೊಳಗೆ ನಿಜಕ್ಕೂ ಹುಳ ಇದೆಯೆಂದು ನಂಬಿ ನೆಲಗುಳ್ಳದ ಬೀಜದ ಹೊಗೆಯನ್ನು ಬಾಯಿಗೆ ಹಿಡಿಯುವ ಚಿಕಿತ್ಸೆ ದೇಶದ ಹಲವೆಡೆ ಇತ್ತು. ಯುರೋಪಿನವರೂ ಬಹುಕಾಲ ಈ ಹುಳವನ್ನು ನಂಬಿದ್ದರು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೆರ್ ಫೋಶಾರ್ ಅದನ್ನು ಅಲ್ಲಗಳೆದ. ಬಾಯಲ್ಲಿ ಉಳಿದ ಸಿಹಿ, ಹಿಟ್ಟುಗಳನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ ಎಂದು ದಂತವೈದ್ಯ ಡಬ್ಲ್ಯು.ಡಿ. ಮಿಲ್ಲರ್ ತೋರಿಸಿಕೊಟ್ಟದ್ದು 1890ರಲ್ಲಿ.

ಮನೆಯ ಪುಡಿಗೆ ಬದಲಾಗಿ ಅಂಗಡಿಯ ಪುಡಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಮೈಸೂರು ಸಂಸ್ಥಾನದಲ್ಲಿ ಮನೆಮಾತಾಯಿತು. ಕೊಪ್ಪ ಸೀಮೆ ಆಗ ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಕೋಲ್ಗೇಟ್ 1937ರಲ್ಲಿ ಭಾರತಕ್ಕೆ ಬಂತು. ನೈಲಾನ್ ಎಳೆಯ ಬ್ರಶ್ ಅಮೆರಿಕದಲ್ಲಿ ಮೊದಲು ಮಾರಾಟವಾದದ್ದು 1938ರಲ್ಲಿ. ಹಲ್ಲುಪುಡಿಗಳ ನಡುವೆ ಒಂದು ಕೆಡುಕೂ ನುಸುಳಿತು: ಹೊಗೆಸೊಪ್ಪು ಬೆರೆಸಿದ ಪುಡಿ. ಅದು ನೋವನ್ನು ಮರೆಸಿ ಚಟವನ್ನು ಅಂಟಿಸುತ್ತಿತ್ತು. ಪೇಸ್ಟು, ಪುಡಿಗಳಲ್ಲಿ ಹೊಗೆಸೊಪ್ಪು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು.

ಬ್ರಶ್ಶಿಗಿಂತ ದೊಡ್ಡ ಬದಲಾವಣೆ ತಂದದ್ದು ಸಕ್ಕರೆ. ಮಲೆನಾಡಿನ ಮಕ್ಕಳಿಗೆ ಸಿಹಿಯೆಂದರೆ ಆಲೆಮನೆಯ ಜೋನಿಬೆಲ್ಲ, ಹಲಸು, ಹಬ್ಬದ ಪಾಯಸ. ಬೆಲ್ಲವೂ ಹಲ್ಲನ್ನು ಕೆಡಿಸುತ್ತದೆ. ಆದರೆ ಅದು ಬಹುಮಟ್ಟಿಗೆ ಊಟತಿಂಡಿಯ ಜೊತೆಗೆ ಬರುತ್ತಿತ್ತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಸಕ್ಕರೆ ಹಾಕಿದ ಕಾಫಿ, ಬಿಸ್ಕತ್ತು, ಪೆಪ್ಪರಮೆಂಟು, ಚಾಕೊಲೇಟುಗಳು ಹಳ್ಳಿಯ ಗೂಡಂಗಡಿಯವರೆಗೆ ತಲುಪಿದವು. ಹೊತ್ತುಗೊತ್ತಿಲ್ಲದೆ ತಿನ್ನುವ ಅಂಟು ಸಿಹಿಯೇ ಹೆಚ್ಚು ಅಪಾಯ ಎಂಬುದನ್ನು ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಶುರುವಾದ ಪ್ರಯೋಗ ತೋರಿಸಿತು. ಅಲ್ಲಿದ್ದ ಬುದ್ಧಿಮಾಂದ್ಯರಿಗೆ ಬೇಕೆಂದೇ ಮಿಠಾಯಿ ತಿನ್ನಿಸಿ ಪಡೆದ ತಿಳಿವು ಅದು. ಆ ಕ್ರೌರ್ಯವನ್ನೂ ಅದರೊಂದಿಗೆ ನೆನೆಯಬೇಕು. ಪ್ರತಿ ಬಾರಿ ಸಿಹಿ ತಿಂದಾಗಲೂ ಬಾಯಿ ಸುಮಾರು ಅರ್ಧ ಗಂಟೆ ಆಮ್ಲೀಯವಾಗಿರುತ್ತದೆ. ಆಮೇಲೆ ಜೊಲ್ಲು ಅದನ್ನು ತಹಬಂದಿಗೆ ತರುತ್ತದೆ. ನಿದ್ದೆಯಲ್ಲಿ ಜೊಲ್ಲು ಒಸರುವುದು ತೀರ ಕಡಿಮೆ. ಮಲಗುವ ಮುಂಚೆ ಸಕ್ಕರೆ ಹಾಲು ಕುಡಿದ ಮಗುವಿಗೆ, ಬಾಟಲಿ ಚೀಪುತ್ತ ನಿದ್ದೆಹೋಗುವ ಕೂಸಿಗೆ ಹುಳುಕು ಬೇಗ ಹತ್ತುವುದು ಇದರಿಂದ. ಬೆಳಗಿನ ಕಟ್ಟಳೆ ಎಷ್ಟೇ ಬಿಗಿಯಾಗಿದ್ದರೂ ಈ ಕೇಡನ್ನು ತಡೆಯಲಾರದು.

ನೀರಿನ ಮಾತೂ ಇಲ್ಲಿ ಬರುತ್ತದೆ. ಪಾವಗಡ, ಮುಂಡರಗಿಗಳಂಥ ಒಣನಾಡಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅತಿಯಾಗಿ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಭಾರಿ ಮಳೆಯ ಘಟ್ಟದ ಸೀಮೆಯಲ್ಲಿ ಅಡಿಕೆ ದಬ್ಬೆಯಲ್ಲಿ ಹರಿದುಬರುವ ಅಬ್ಬಿನೀರಿಗೆ ಆ ದೋಷವಿಲ್ಲ. ಆದರೆ ಹುಳುಕು ತಡೆಯುವಷ್ಟು ಫ್ಲೋರೈಡೂ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಫ್ಲೋರೈಡ್ ಇರುವ ಪೇಸ್ಟಿಗೆ ಇಲ್ಲಿ ಮಹತ್ವ ಹೆಚ್ಚು. ಮೂರು ವರ್ಷದ ಒಳಗಿನ ಕೂಸಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕು.

ಅಡಿಕೆಯ ವಿಷಯ ಈ ಮೂರು ತಾಲ್ಲೂಕುಗಳಲ್ಲಿ ಮಾತಾಡಲು ಕಷ್ಟವಾದದ್ದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸಿ ಮಾರುವ ಈ ಬೆಳೆಯೇ ಬಹಳ ಮನೆಗಳ ಅನ್ನ. ಎಲೆಅಡಿಕೆ ತಟ್ಟೆಯಿಲ್ಲದೆ ಶುಭಕಾರ್ಯವಿಲ್ಲ. 1129ರ ಸುಮಾರಿಗೆ ಚಾಲುಕ್ಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸ ತಾಂಬೂಲವನ್ನು ರಾಜಭೋಗಗಳಲ್ಲಿ ಎಣಿಸಿತು. ಆದರೂ ಅಡಿಕೆ ಜಗಿಯುವುದರಿಂದ ಬಾಯಿ ಬಿಗಿದು ತೆರೆಯಲಾಗದ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರುತ್ತದೆ ಎಂಬುದು ವೈದ್ಯರಿಗೆ ಖಚಿತವಾಗಿ ತಿಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರು ಈ ತೀರ್ಮಾನವನ್ನು ಒಪ್ಪುವುದಿಲ್ಲ. ವಾದ ಏನೇ ಇರಲಿ, ಮಕ್ಕಳಿಗೆ ಅಡಿಕೆ ಹೋಳು ಕೊಡದಿರುವುದರಿಂದ ಯಾವ ತೋಟಕ್ಕೂ ನಷ್ಟವಿಲ್ಲ. 2003ರ ಕೇಂದ್ರ ಕಾಯ್ದೆ ಹದಿನೆಂಟು ತುಂಬದವರಿಗೆ ತಂಬಾಕು ಮಾರುವುದನ್ನು ತಡೆಯಿತು. ಅಡಿಕೆಗೆ ತಂಬಾಕು ಬೆರೆಸಿದ ಗುಟ್ಕಾವನ್ನು 2013ರಲ್ಲಿ ಕರ್ನಾಟಕ ನಿಷೇಧಿಸಿತು.

ದಂತವೈದ್ಯರು ಈ ಸೀಮೆಗೆ ಹತ್ತಿರವಾದದ್ದು ತಡವಾಗಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇತ್ತ ಶಿವಮೊಗ್ಗಕ್ಕೋ ಹೋಗುತ್ತಿದ್ದದ್ದು ನೋವು ತಡೆಯಲಾಗದೆ ಹಲ್ಲು ಕೀಳಿಸಲೆಂದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿ, ಒಂದು ಬಾರಿ ಶಾಲೆ ನೋಡಬೇಕೆಂಬುದು ನಿಯಮ. ಅವರ ತಪಾಸಣೆಯಲ್ಲಿ ಹಲ್ಲೂ ಸೇರಿದೆ.

ತಂದೆತಾಯಿಗೆ ವೈದ್ಯರು ಇಂದು ಹೇಳುವ ಮಾತುಗಳಿಗೆ ಹೆಚ್ಚು ಎದುರಾಗುವ ತಡೆ ‘ಹೇಗೂ ಬಿದ್ದುಹೋಗುವ ಹಲ್ಲು’ ಎಂಬ ಉದಾಸೀನ. ಆದರೆ ಆ ಇಪ್ಪತ್ತು ಹಾಲುಹಲ್ಲುಗಳು ಮುಂದೆ ಬರುವ ಹಲ್ಲಿಗೆ ಜಾಗ ಕಾಯುತ್ತವೆ. ಹಿಂದಿನ ಹಾಲು ದವಡೆಹಲ್ಲುಗಳು ಬೀಳುವುದು ಹತ್ತು ಹನ್ನೆರಡರ ವಯಸ್ಸಿನಲ್ಲಿ. ಆರನೆಯ ವರ್ಷದಲ್ಲಿ ಅವುಗಳ ಹಿಂದೆ ಮೂಡುವ ದವಡೆಹಲ್ಲು ಯಾವ ಹಲ್ಲನ್ನೂ ಬೀಳಿಸದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದೇ ಬಗೆದು ಬಿಡುತ್ತಾರೆ. ಅದು ಕೊನೆಯವರೆಗೂ ಇರಬೇಕಾದ ಹಲ್ಲು. ಮೊದಲ ಹಲ್ಲು ಮೂಡಿದಂದಿನಿಂದ ಉಜ್ಜಬೇಕು, ವರ್ಷ ತುಂಬುವಷ್ಟರಲ್ಲಿ ಒಮ್ಮೆ ದಂತವೈದ್ಯರಿಗೆ ತೋರಿಸಬೇಕು, ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಕೊಡಬಾರದು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಬ್ರಶ್ ತಿರುಗಿಸುವ ಹದ ಬರುವುದಿಲ್ಲವಾದ್ದರಿಂದ ಅಲ್ಲಿಯತನಕ ರಾತ್ರಿಯ ಹೊತ್ತು ದೊಡ್ಡವರೇ ಉಜ್ಜಿಕೊಡಬೇಕು.