ಮಾಳಿಗೆ ಮೇಲಿನ ಹುಲ್ಲು, ಹುಲ್ಲಿನ ಮೇಲಿನ ಸೋಲಾರ್

ನಮ್ಮೂರಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಮಳೆಗಾಲ ಬಂತಂದ್ರೆ ಮೇಲೆ ತಾನಾಗೇ ಹುಲ್ಲು ಬೆಳೀತಿತ್ತು. "ಏ ತಮ್ಮಾ, ಆ ಹುಲ್ಲು ಕಿತ್ತ ಬಾರಪ್ಪ, ಮನಿ ಸೋರತದ" ಅಂತ ಅಜ್ಜಿ ನನ್ನ ಏಣಿ ಹತ್ತಿಸ್ತಿದ್ಲು. ಈಗ ಅದೇ ಹುಲ್ಲಿಗೆ ಗ್ರೀನ್ ರೂಫ್ ಅಂತ ಹೆಸರು, ಸರ್ಟಿಫಿಕೇಟಲ್ಲಿ ಪಾಯಿಂಟು ಬೇರೆ!

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಟೆರೇಸ್ ಮೇಲೆ ಸೋಲಾರಾ, ತೋಟಾನಾ ಅಂತ ಎರಡು ಗಂಟೆ ಜಗಳ. ಎರಡರಲ್ಲಿ ಒಂದೇ ಅನ್ನೋ ಈ ಹಟ ಎಲ್ಲಿಂದ ಬಂತು?

ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ಹುಟ್ಟಿದ್ದು 1993ರಲ್ಲಿ. ಅದರ ಲೀಡ್ ರೇಟಿಂಗ್ ಪ್ರಾಯೋಗಿಕವಾಗಿ ಬಂದಿದ್ದು 1998ರಲ್ಲಿ. ಅಲ್ಲಿ ಪಾಯಿಂಟುಗಳನ್ನ ಖಾತೆವಾರು ಹಂಚಿದ್ರು: ಹಸಿರು ಛಾವಣಿ ನಿವೇಶನದ ಖಾತೆಗೆ, ಸೋಲಾರ್ ಇಂಧನದ ಖಾತೆಗೆ. 2009ರ ಆವೃತ್ತಿಯಲ್ಲಂತೂ ಛಾವಣಿಯ ಬಿಸಿ ಲೆಕ್ಕ ಹಾಕುವಾಗ ಎಸಿ ಯಂತ್ರಗಳ ಜಾಗದ ಜೊತೆ ಪ್ಯಾನೆಲ್ ಜಾಗವನ್ನೂ ಕಳೀತಾರೆ. ಅಂದ್ರೆ ಕಾಗದದ ಮೇಲೆ, ಪ್ಯಾನೆಲ್ ಇರೋ ಕಡೆ ಛಾವಣಿಯೇ ಇಲ್ಲ!

ಬಿಸಿಲು ಹೀಗೆ ಖಾತೆ ನೋಡಲ್ಲ. ಸಿಲಿಕಾನ್ ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಉತ್ಪಾದನೆ ಕಳ್ಕೊಳ್ಳುತ್ತೆ. ಕೆಳಗೆ ಗಿಡಗಳಿದ್ರೆ ಎಲೆಗಳಿಂದ ನೀರು ಆವಿಯಾಗಿ ಸುತ್ತಲ ಗಾಳಿ ತಂಪಾಗುತ್ತೆ. ಪ್ಯಾನೆಲ್ ನೆರಳಲ್ಲಿ ಮಣ್ಣಿನ ತೇವ ಬೇಗ ಆರಲ್ಲ. ಗಿಡ ಮಾತ್ರ ಗಿಡ್ಡ ಇರ್ಬೇಕು, ಇಲ್ಲಾಂದ್ರೆ ಅದೇ ಪ್ಯಾನೆಲ್‌ಗೆ ನೆರಳು. ಜರ್ಮನಿಯಲ್ಲಿ ಇನ್ನೊಂದು ಉಪಾಯ ಬಂತು: ಪ್ಯಾನೆಲ್ ಚೌಕಟ್ಟಿನ ತಳದ ಮೇಲೆ ಮಣ್ಣು ಹರಡಿದ್ರೆ ಆ ಭಾರವೇ ಅದನ್ನ ಹಿಡ್ಕೊಳ್ಳುತ್ತೆ, ಛಾವಣಿಗೆ ತೂತು ಕೊರೆಯೋದೇ ಬೇಡ. ಸೋರತದ ಅನ್ನೋ ಅಜ್ಜಿಗೆ ಇದನ್ನ ತೋರಿಸ್ಬೇಕಿತ್ತು.

ನಮ್ಮ ಪಕ್ಕದ ಹೈದರಾಬಾದಿನ ಸಿಐಐ–ಸೊಹ್ರಾಬ್‌ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್‌ಗೆ 2003ರಲ್ಲೇ ಲೀಡ್ ಪ್ಲಾಟಿನಂ ಸಿಕ್ತು, ಅಮೆರಿಕದ ಹೊರಗೆ ಮೊದಲನೇದು. ಮರುವರ್ಷ ಅಬ್ದುಲ್ ಕಲಾಂ ಉದ್ಘಾಟಿಸಿದ ಆ ಕಟ್ಟಡದ ಮೇಲೆ ತೋಟವೂ ಇತ್ತು, ಸೋಲಾರೂ ಇತ್ತು.

ಕಾನೂನುಗಳಲ್ಲಿ ಮಾತ್ರ 'ಅಥವಾ' ಉಳೀತು. 2015ರಲ್ಲಿ ಫ್ರಾನ್ಸಿನ ಸಂಸತ್ತಿನ ಕೆಳಮನೆ ವಾಣಿಜ್ಯ ವಲಯದ ಹೊಸ ಕಟ್ಟಡಗಳ ಛಾವಣಿಯ ಒಂದು ಭಾಗಕ್ಕಾದ್ರೂ ಗಿಡ ಅಥವಾ ಸೋಲಾರ್ ಬೇಕು ಅಂದಿತು. 2019ರ ನ್ಯೂಯಾರ್ಕ್ ಕಾನೂನು 'ಅಥವಾ ಎರಡೂ' ಅಂತ ಬಿಡಿಸಿ ಬರೀತು. ಕೋಡ್ ಬರೆಯೋ ನಮಗೆ ಗೊತ್ತು, 'ಆರ್' ಅಂದ್ರೆ ಎರಡೂ ಇದ್ರೂ ಸರಿ. ನಮ್ಮ ಮೀಟಿಂಗಲ್ಲಿ ನಡೀತಿದ್ದದ್ದು 'ಎಕ್ಸಾರ್'!

ಮುಂದಿನ ಸಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನ ಕರೆಸೋಣ ಅಂದಿದ್ದೀನಿ. ನೆನೆದ ಮಣ್ಣು ಒಂದು ಗೇಣು ದಪ್ಪ ಇದ್ರೂ ಚದರ ಮೀಟರಿಗೆ ನೂರು ಕೆಜಿ ಮೀರುತ್ತೆ. ನಮ್ಮ ಸ್ಲ್ಯಾಬ್ ಅಷ್ಟು ಹೊರುತ್ತಾ ಅಂತ ಆ ಎರಡು ಗಂಟೇಲಿ ಯಾರೂ ಕೇಳ್ಲಿಲ್ಲ.