ಅಮೆರಿಕದ ಪ್ರೌಢಶಾಲೆಗಳಲ್ಲಿ ಚಿತ್ರಕಲೆಗೆ ದೊರೆತ ಮನ್ನಣೆ

ಪಿಟ್ಸ್‌ಬರ್ಗ್‌ಗೆ ಹೊಂದಿಕೊಂಡಿರುವ ವಿಲ್ಕಿನ್ಸ್‌ಬರ್ಗ್‌ನ ಮಾರಿಸ್ ರಾಬಿನ್ಸನ್ 1920ರಲ್ಲಿ ಸುತ್ತಲಿನ 50 ಪ್ರೌಢಶಾಲೆಗಳಿಗಾಗಿ ನಾಲ್ಕು ಪುಟಗಳ ಪತ್ರಿಕೆಯೊಂದನ್ನು ಆರಂಭಿಸಿದಾಗ, ಅದರಲ್ಲಿ ಮುಖ್ಯವಾಗಿ ಅಚ್ಚಾಗುತ್ತಿದ್ದುದು ಶಾಲೆಗಳ ಆಟೋಟಗಳ ಸುದ್ದಿಯೇ. ಅಮೆರಿಕದಲ್ಲಿ ಹನ್ನೆರಡನೆಯ ತರಗತಿಯವರೆಗೂ ನಡೆಯುವ ಪ್ರೌಢಶಾಲೆಗಳಲ್ಲಿ ಆಟಗಾರರಿಗೆ ಊರಿಗೆ ಊರೇ ತೋರುತ್ತಿದ್ದ ಗೌರವ, ಬರೆಯುವ ಮತ್ತು ಚಿತ್ರಿಸುವ ವಿದ್ಯಾರ್ಥಿಗಳಿಗೂ ಸಲ್ಲಬೇಕೆಂಬ ಉದ್ದೇಶದಿಂದ ರಾಬಿನ್ಸನ್ 1923ರಲ್ಲಿ ‘ಸ್ಕಾಲಸ್ಟಿಕ್’ ಪ್ರಶಸ್ತಿಗಳನ್ನು ಸ್ಥಾಪಿಸಿದರು. ತನ್ನ ಶಿಕ್ಷಕರ ಮೆಚ್ಚುಗೆಯಷ್ಟೇ ದೊರೆಯುತ್ತಿದ್ದ ವಿದ್ಯಾರ್ಥಿಯ ಕೃತಿಯನ್ನು ಅವನ ಪರಿಚಯವಿಲ್ಲದ ತೀರ್ಪುಗಾರರು ನೋಡಿ ತೂಗುವ ವ್ಯವಸ್ಥೆ ಇದರಿಂದ ಏರ್ಪಟ್ಟಿತು. ಈ ಪ್ರಶಸ್ತಿಗಳ ನಿಜವಾದ ಬಲವಿದ್ದುದು ಬಹುಮಾನದ ಹಣಕ್ಕಿಂತ ಹೆಚ್ಚಾಗಿ ಅದರಲ್ಲಿಯೇ.

ಆ ಬಲವೂ ಅದರ ಮಿತಿಯೂ ಮಕ್ಕಳ ಪುಸ್ತಕಗಳ ಚಿತ್ರಕಾರ ಎಜ್ರಾ ಜ್ಯಾಕ್ ಕೀಟ್ಸ್ ಅವರ ಬಾಳಿನಲ್ಲಿ ಒಟ್ಟಿಗೆ ಕಾಣುತ್ತವೆ. ಪೋಲೆಂಡಿನಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ವಲಸೆ ಬಂದ ಬಡ ಯೆಹೂದಿ ದಂಪತಿಗಳ ಮಗನಾದ ಅವರ ಮೊದಲ ಹೆಸರು ಜೇಕಬ್ ಎಜ್ರಾ ಕಾಟ್ಸ್. ಮಹಾ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಥಾಮಸ್ ಜೆಫರ್ಸನ್ ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದ ಅವರು, ನೆಲೆಯಿಲ್ಲದ ನಿರುದ್ಯೋಗಿಗಳು ಬೆಂಕಿಯ ಸುತ್ತ ಮೈ ಕಾಯಿಸಿಕೊಳ್ಳುವ ದೃಶ್ಯವನ್ನು ತೈಲವರ್ಣದಲ್ಲಿ ಚಿತ್ರಿಸಿ ಈ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದ ಬಹುಮಾನ ಪಡೆದರು. ಹೋಟೆಲಿನಲ್ಲಿ ಮಾಣಿಯಾಗಿದ್ದ ತಂದೆ, ಚಿತ್ರಕಲೆಯನ್ನು ನೆಚ್ಚಿದರೆ ಮಗ ಹಸಿವಿನಿಂದ ಬಳಲಬೇಕಾಗುತ್ತದೆಂದು ಸದಾ ಎಚ್ಚರಿಸುತ್ತಿದ್ದರೂ, ಹಸಿದ ಕಲಾವಿದರು ಸೂಪಿಗೆ ಬದಲಾಗಿ ಕೊಟ್ಟರೆಂಬ ನೆವ ಹೇಳಿ ಬಣ್ಣದ ಕೊಳವೆಗಳನ್ನು ಮನೆಗೆ ತರುತ್ತಿದ್ದರು. 1935ರ ಜನವರಿಯಲ್ಲಿ, ಮಗನ ಶಾಲಾ ಪದವಿ ಸಮಾರಂಭದ ಹಿಂದಿನ ದಿನ, ಅವರು ಬೀದಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಶವದ ಗುರುತು ಹೇಳಲು ಹೋದ ಮಗನಿಗೆ ತಂದೆಯ ಹಣದ ಪಾಕೀಟಿನಲ್ಲಿ ಸಿಕ್ಕಿದ್ದು ತನ್ನ ಬಹುಮಾನಗಳ ಸುದ್ದಿಯಿದ್ದ, ಮಡಚಿ ಮಡಚಿ ಸವೆದ ಪತ್ರಿಕಾ ತುಣುಕುಗಳು. ಮನ್ನಣೆಯು ಮನೆಯೊಳಗೆ ಮಾಡಿದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ಅದು ಸಂಸಾರ ಸಾಗಿಸಲಾರದಾಗಿತ್ತು: ದೊರೆತಿದ್ದ ಮೂರು ಕಲಾಶಾಲೆಗಳ ವಿದ್ಯಾರ್ಥಿವೇತನಗಳನ್ನು ಬಿಟ್ಟು ಕೀಟ್ಸ್ ದುಡಿಮೆಗೆ ಇಳಿಯಬೇಕಾಯಿತು. ಮಕ್ಕಳ ಪುಸ್ತಕಗಳ ಚಿತ್ರಗಳಿಗೆ ಸಲ್ಲುವ ಕಾಲ್ಡೆಕಾಟ್ ಪದಕವು ‘ದಿ ಸ್ನೋಯಿ ಡೇ’ ಕೃತಿಗಾಗಿ ಅವರಿಗೆ ಸಂದದ್ದು 1963ರಲ್ಲಿ.

ಚಿತ್ರಕಾರ ಫಿಲಿಪ್ ಪರ್ಲ್‌ಸ್ಟೈನ್ ಅವರಿಗೆ ಈ ದಾರಿ ಇಷ್ಟು ಕಠಿಣವಾಗಿರಲಿಲ್ಲ. ಪಿಟ್ಸ್‌ಬರ್ಗ್‌ನ ಟೇಲರ್ ಆಲ್ಡರ್ಡೈಸ್ ಪ್ರೌಢಶಾಲೆಯಲ್ಲಿದ್ದ ಅವರ ಎರಡು ಚಿತ್ರಗಳು 1941ರಲ್ಲಿ ಇದೇ ಸ್ಪರ್ಧೆಯಲ್ಲಿ ಬಹುಮಾನ ಪಡೆದು, ದೇಶದಾದ್ಯಂತ ಓದುಗರಿದ್ದ ‘ಲೈಫ್’ ಪತ್ರಿಕೆಯಲ್ಲಿ ಬಣ್ಣದಲ್ಲಿ ಅಚ್ಚಾದವು. ಒಂದು ಚಿತ್ರದ ವಸ್ತು ಜಾತ್ರೆಯ ತಿರುಗುಕುದುರೆಗಳಾಗಿದ್ದರೆ, ಇನ್ನೊಂದರದು ವೈಲಿ ಅವೆನ್ಯೂ ಎಂಬ ಬೀದಿಯ ಕ್ಷೌರದಂಗಡಿ. ಹದಿನೇಳರ ಹುಡುಗನೊಬ್ಬ ತನ್ನ ಊರಿನ ಸಾಮಾನ್ಯ ಬದುಕನ್ನು ಚಿತ್ರಕ್ಕೆ ಯೋಗ್ಯವಾದ ವಸ್ತುವೆಂದು ಆರಿಸಿಕೊಂಡದ್ದನ್ನು ದೇಶವೇ ಒಪ್ಪಿದಂತಾದುದು ಇಲ್ಲಿ ಗಮನಾರ್ಹ. ಎರಡನೆಯ ಮಹಾಯುದ್ಧದ ಸೇವೆ ಮುಗಿಸಿ ಕಾರ್ನೆಗಿ ತಾಂತ್ರಿಕ ಸಂಸ್ಥೆಗೆ ಮರಳಿದ ಅವರಿಗೆ ಅಲ್ಲಿ ಸಹಪಾಠಿಯಾದವರು ಮುಂದೆ ಪಾಪ್ ಕಲೆಯಿಂದ ಹೆಸರಾದ ಆಂಡಿ ವಾರ್ಹಾಲ್. ಇಬ್ಬರೂ 1949ರಲ್ಲಿ ಜೊತೆಯಾಗಿ ನ್ಯೂಯಾರ್ಕಿಗೆ ತೆರಳಿದರು.

1994ರಿಂದ ಈ ಪ್ರಶಸ್ತಿಗಳನ್ನು ಎಳೆಯ ಕಲಾವಿದರಿಗೂ ಲೇಖಕರಿಗೂ ಮೀಸಲಾದ ಲಾಭರಹಿತ ಸಂಸ್ಥೆಯೊಂದು ನೋಡಿಕೊಳ್ಳುತ್ತಿದೆ. ಮೊದಲು ಪ್ರಾದೇಶಿಕ ಮಟ್ಟದಲ್ಲಿ ‘ಗೋಲ್ಡ್ ಕೀ’, ‘ಸಿಲ್ವರ್ ಕೀ’ ಎಂಬ ಗೌರವಗಳು ಸಲ್ಲುತ್ತವೆ. ಇವುಗಳಲ್ಲಿ ಗೋಲ್ಡ್ ಕೀ ಪಡೆದ ಕೃತಿಗಳು ಮಾತ್ರ ರಾಷ್ಟ್ರಮಟ್ಟದ ಪದಕಗಳಿಗಾಗಿ ಮತ್ತೆ ಪರಿಶೀಲನೆಗೆ ಒಳಗಾಗುತ್ತವೆ. ಪ್ರವೇಶಕ್ಕೆ ಶುಲ್ಕವಿದ್ದರೂ ತೆರಲಾಗದವರಿಗೆ ವಿನಾಯಿತಿ ಉಂಟು. ಕೊನೆಯ ತರಗತಿಯ ವಿದ್ಯಾರ್ಥಿಗಳು ತಮ್ಮ ಹಲವು ಕೃತಿಗಳನ್ನು ಒಟ್ಟುಗೂಡಿಸಿ ಸಲ್ಲಿಸುವ ಪೋರ್ಟ್‌ಫೋಲಿಯೊ ವಿಭಾಗದಲ್ಲಿ ಉನ್ನತ ಪದಕ ಪಡೆದವರಿಗೆ ಪದಕದೊಂದಿಗೆ ವಿದ್ಯಾರ್ಥಿವೇತನವನ್ನೂ ನೀಡಲಾಗುತ್ತದೆ.