ಕೊಳಗಲ್ಲಿನ ಶಾಸನ ಮತ್ತು ನಮ್ಮ ಮನೆತನಗಳ ಮೂಲ

ಕೊಳಗಲ್ಲು ಎಂಬ ಹೆಸರು ರಾಷ್ಟ್ರಕೂಟರ ಚರಿತ್ರೆ ಓದಿದವರಿಗೆ ಹೊಸದಲ್ಲ. ಆ ವಂಶದ ಬಲಾಢ್ಯ ಅರಸು ಮೂರನೆಯ ಕೃಷ್ಣನು ಯಾವಾಗ ತೀರಿಕೊಂಡ, ಅವನ ತಮ್ಮ ಖೊಟ್ಟಿಗನು ಯಾವಾಗ ಪಟ್ಟಕ್ಕೆ ಬಂದ ಎಂಬುದನ್ನು ಗೊತ್ತುಮಾಡುವಾಗ ವಿದ್ವಾಂಸರು ಮುಂದಿಟ್ಟುಕೊಳ್ಳುವುದು ನಮ್ಮೂರಿನ ಶಾಸನವನ್ನು. ಅದರ ಕಾಲ ಕ್ರಿ.ಶ. 967. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯ ಎಷ್ಟೋ ಊರುಗಳಲ್ಲಿ ಶಾಸನಗಳಿವೆ. ಆದರೆ ಒಬ್ಬ ಚಕ್ರವರ್ತಿಯ ಮರಣದ ಕಾಲಕ್ಕೆ ಸಾಕ್ಷಿ ಹೇಳುವ ಭಾಗ್ಯ ಎಲ್ಲ ಊರಿಗೂ ಸಿಗುವುದಿಲ್ಲ.

ಅದೇ ಶಾಸನದಲ್ಲಿ ಅರಸರ ಸುದ್ದಿಗಿಂತ ನಮಗೆ ಹತ್ತಿರವಾಗುವ ಇನ್ನೊಂದು ಸಂಗತಿ ಇದೆ. ಇಲ್ಲಿ ಕಾರ್ತಿಕೇಯನನ್ನು ಪ್ರತಿಷ್ಠಾಪಿಸಿದ ಗದಾಧರನೆಂಬವನು ಈ ಸೀಮೆಯವನಲ್ಲ. ಅವನ ಹುಟ್ಟೂರು ವರೇಂದ್ರಿಯ ತಡಾ ಎಂಬ ಗ್ರಾಮ. ವರೇಂದ್ರಿ ಎಂದರೆ ಬಂಗಾಳದ ಉತ್ತರ ಭಾಗ. ಅದರ ಬಹುಪಾಲು ಈಗ ಬಾಂಗ್ಲಾದೇಶದಲ್ಲಿದೆ. ರೈಲಿಲ್ಲದ, ರಸ್ತೆಯಿಲ್ಲದ ಕಾಲದಲ್ಲಿ ಅಷ್ಟು ದೂರದಿಂದ ಬಂದು, ಇಲ್ಲಿ ನೆಲೆನಿಂತು, ದೇವರನ್ನು ನಿಲ್ಲಿಸಿದ ಅವನ ಹುಟ್ಟೂರು ನಮ್ಮೂರ ಕಲ್ಲಿನಲ್ಲಿ ಉಳಿಯಿತು. ಸಾವಿರ ವರ್ಷದ ಹಿಂದಿನ ಅವನ ಊರು ನಮಗೆ ಗೊತ್ತು. ಆದರೆ ನಮ್ಮ ಮುತ್ತಜ್ಜನ ತಂದೆ ಯಾವ ಊರಿನಿಂದ ಇಲ್ಲಿಗೆ ಬಂದರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಹೇಳಬಲ್ಲರು?

‘ನಾವು ಮೊದಲಿನಿಂದ ಇಲ್ಲಿಯವರೇ’ ಎನ್ನುವುದು ಸಾಮಾನ್ಯ ಮಾತು. ಆದರೆ ನಮ್ಮ ಸೀಮೆಯ ಜನ ಮೇಲಿಂದ ಮೇಲೆ ಊರು ಬದಲಿಸಿದವರು. 1876ರಿಂದ 78ರವರೆಗಿನ ಧಾತು ಸಂವತ್ಸರದ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳ ಪೈಕಿ ಅತಿ ಹೆಚ್ಚು ನರಳಿದವುಗಳಲ್ಲಿ ಬಳ್ಳಾರಿ ಒಂದು. ಅಂಥ ಬರದಲ್ಲಿ ಊರು ಬಿಟ್ಟವರೆಲ್ಲ ಮರಳಿ ಅದೇ ಊರಿಗೆ ಬರಲಿಲ್ಲ. ಮುಂದೆ ತುಂಗಭದ್ರಾ ಅಣೆಕಟ್ಟು ಆಗಿ ಕಾಲುವೆಗೆ ನೀರು ಬಂದಾಗ ಆಂಧ್ರದ ಕರಾವಳಿಯ ರೈತರು ಬಂದು ನೆಲೆಸಿದರು. ಅವರ ‘ಕ್ಯಾಂಪು’ಗಳು ಈಗ ನಮ್ಮ ನಡುವಿನ ಊರುಗಳೇ ಆಗಿವೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅತ್ತೆಯ ಮನೆ ಒಂದು ರಾಜ್ಯದಲ್ಲಿ, ತವರುಮನೆ ಇನ್ನೊಂದು ರಾಜ್ಯದಲ್ಲಿ ಆಯಿತು.

ಹೀಗಿರುವಾಗ ಮನೆತನದ ಮೂಲವನ್ನು ಎಲ್ಲಿಂದ ಹುಡುಕಬೇಕು? ಮೊದಲ ಸುಳಿವು ಮನೆದೇವರು. ದೂರದ ಊರಿನ ದೇವರಿಗೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆಯವರ ಹಿರಿಯರು ಆ ಸೀಮೆಯಿಂದ ಬಂದಿರುವ ಸಂಭವ ಹೆಚ್ಚು. ಎರಡನೆಯದು ಬೆಡಗು ಮತ್ತು ಅಡ್ಡಹೆಸರು. ಅನೇಕ ಅಡ್ಡಹೆಸರುಗಳಲ್ಲಿ ಬಿಟ್ಟುಬಂದ ಊರಿನ ಹೆಸರೇ ಅಡಗಿರುತ್ತದೆ. ಮೂರನೆಯದು ಹೆಣ್ಣು ಕೊಟ್ಟು ತಂದ ಊರುಗಳು. ಹಳೆಯ ಲಗ್ನಪತ್ರಿಕೆ, ಕ್ರಯಪತ್ರ, ಪಾಲುಪಟ್ಟಿ, ಗೋಡೆಯ ಮೇಲಿನ ಫೋಟೋದ ಹಿಂದೆ ಬರೆದ ಎರಡು ಸಾಲು, ಇವೆಲ್ಲವೂ ದಾಖಲೆಗಳೇ.

ಉತ್ತರ ಕರ್ನಾಟಕದಲ್ಲಿ ಈ ಕೆಲಸಕ್ಕೆಂದೇ ಒಂದು ಸಮುದಾಯವಿದೆ. ಸುಗ್ಗಿಯ ಕಾಲಕ್ಕೆ ಎತ್ತಿನೊಡನೆ ಬರುತ್ತಿದ್ದ ಹೆಳವರು ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನ ಮೇಲೆ ತಲೆಮಾರು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿ, ಕೊಟ್ಟ ಕಾಳು, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ತೆಲುಗು ಸೀಮೆಯಲ್ಲಿ ಪಿಚ್ಚಕುಂಟ್ಲವರು ಇದೇ ಕೆಲಸ ಮಾಡಿದವರು. ಈಗ ಹೆಳವರ ಮಕ್ಕಳೂ ಶಾಲೆಗೆ ಹೋಗಿ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ, ಹಿಡಿಯಲೇಬೇಕು. ಆದರೆ ಅವರ ಪುಸ್ತಕಗಳು ಗೆದ್ದಲಿಗೆ ಹೋದರೆ ಎಷ್ಟೋ ಮನೆಗಳ ಹೆಸರೂ ಜೊತೆಗೇ ಹೋಗುತ್ತವೆ. ಇಂಥ ಪುಸ್ತಕಗಳ ಚಿತ್ರ ತೆಗೆದು ಗಣಕದಲ್ಲಿ ಕಾಪಿಡುವ ಕೆಲಸ ಕರ್ನಾಟಕದಲ್ಲಿ ಕೆಲವೆಡೆ ನಡೆದಿರುವುದು ಸಮಾಧಾನದ ಸಂಗತಿ.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಈ ಯಾವ ದಾಖಲೆಯೂ ಎಲ್ಲರನ್ನೂ ಒಳಗೊಂಡಿಲ್ಲ. ಶಾಸನದಲ್ಲಿ ದಾನ ಕೊಟ್ಟವರ ಹೆಸರಿದೆ, ಕಲ್ಲು ಹೊತ್ತವರ ಹೆಸರಿಲ್ಲ. ಹೆಳವರು ತಮ್ಮ ಒಕ್ಕಲಿನ ಮನೆಗಳ ಲೆಕ್ಕವನ್ನಷ್ಟೇ ಇಟ್ಟರು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳೆಲ್ಲ ಗಣಕಕ್ಕೆ ಬಂದವು, ನಿಜ. ಆದರೆ ಭೂಮಿಯೇ ಇಲ್ಲದವನ ಹೆಸರು ಪಹಣಿಯಲ್ಲಿ ಎಲ್ಲಿಂದ ಬರಬೇಕು? ಹೆಣ್ಣುಮಕ್ಕಳ ಹೆಸರಂತೂ ವಂಶಾವಳಿಗಳಲ್ಲಿ ಅಪರೂಪ. ಅಜ್ಜನ ಅಜ್ಜನ ಹೆಸರು ಹೇಳುವ ಮನೆಯಲ್ಲಿ ಅಜ್ಜಿಯ ತಾಯಿಯ ಹೆಸರು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ಕೊರತೆಯನ್ನು ತುಂಬಿದ್ದು ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್. ಹೊಲ ಇದ್ದವನ ಮಗ, ಕೂಲಿಯವನ ಮಗಳು, ಕ್ಯಾಂಪಿನಿಂದ ಬಂದ ಹುಡುಗ, ಎಲ್ಲರ ಹೆಸರೂ ಒಂದೇ ಪುಸ್ತಕದಲ್ಲಿ, ಒಂದರ ಕೆಳಗೊಂದು ಕ್ರಮಸಂಖ್ಯೆಯಲ್ಲಿ ಬಂದದ್ದು ಅಲ್ಲಿ. ನಮ್ಮ ಪ್ರೌಢಶಾಲೆಯ ಐವತ್ತು ವರ್ಷದ ರಿಜಿಸ್ಟರುಗಳು ಈ ಸೀಮೆಯ ಐವತ್ತು ವರ್ಷದ ಚರಿತ್ರೆಯೂ ಹೌದು. ಅನೇಕ ಮನೆಗಳಲ್ಲಿ ಮೊದಲು ಅಕ್ಷರ ಕಲಿತವರು ಯಾರು, ಯಾವ ವರ್ಷ ಎಂಬುದಕ್ಕೆ ಸಾಕ್ಷಿ ಇರುವುದು ಶಾಲೆಯ ಬೀರುವಿನಲ್ಲಿ.

ಇವನ್ನೆಲ್ಲ ಒಂದೆಡೆ ಸೇರಿಸಲು ದೊಡ್ಡ ಕಟ್ಟಡ ಬೇಕಿಲ್ಲ. ಬಳ್ಳಾರಿಯಲ್ಲಿ ಸಂಗನಕಲ್ಲಿನ ನವಶಿಲಾಯುಗದ ವಸ್ತುಗಳಿಗಾಗಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ. ಅಂಥದ್ದಕ್ಕೆ ಕಟ್ಟಡ, ಕಾವಲು, ಗಾಜಿನ ಪೆಟ್ಟಿಗೆ ಎಲ್ಲ ಬೇಕು. ಊರಿನ ಆನ್‌ಲೈನ್ ವಸ್ತುಸಂಗ್ರಹಾಲಯಕ್ಕೆ ಬೇಕಾದ್ದು ಮೊಬೈಲು, ಒಂದು ಗಣಕ ಮತ್ತು ತಾಳ್ಮೆ. ಮೂಲ ವಸ್ತು ಮನೆಯವರ ಬಳಿಯೇ ಇರುತ್ತದೆ, ಅದರ ಚಿತ್ರ ಮಾತ್ರ ಬರುತ್ತದೆ. ಬೆಂಗಳೂರಿನಲ್ಲಿ ಆಸಕ್ತ ನಾಗರಿಕರು ಹಾಳಾಗುತ್ತಿದ್ದ ಶಾಸನಗಳನ್ನು ಹುಡುಕಿ ದಾಖಲಿಸತೊಡಗಿದರು. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲಿಗೆ ಜನರೇ ಮುಂದೆ ಬಂದು ಮಂಟಪ ಕಟ್ಟಿಸಿದರು. ಮಿಥಿಕ್ ಸೊಸೈಟಿಯು ಅಲ್ಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಮನೆಯಲ್ಲಿ ಕುಳಿತೇ ಕಲ್ಲಿನ ಅಕ್ಷರ ಓದುವಂತೆ ಮಾಡುತ್ತಿದೆ. ರಾಜಧಾನಿಯಲ್ಲಿ ಆಗುವುದು ನಮ್ಮೂರಿನಲ್ಲೂ ಆದೀತು.

ಮಾಡುವಾಗ ಕೆಲವು ಕಟ್ಟುಪಾಡು ಬೇಕು. ಪ್ರತಿ ಚಿತ್ರದ ಜೊತೆ ಅದು ಯಾರದು, ಯಾವ ವರ್ಷದ್ದು, ಯಾರು ಕೊಟ್ಟರು, ಹೇಳಿದವರು ಯಾರು ಎಂದು ಬರೆಯಬೇಕು. ಹೆಸರಿಲ್ಲದ ಫೋಟೋ ಇಪ್ಪತ್ತು ವರ್ಷದ ಮೇಲೆ ಯಾರದೋ ಫೋಟೋ ಆಗುತ್ತದೆ. ಕೇಳಿದ್ದನ್ನು ಕೇಳಿದ್ದೆಂದೂ, ಕಾಗದದಲ್ಲಿ ಕಂಡದ್ದನ್ನು ಕಂಡದ್ದೆಂದೂ ಬೇರೆಬೇರೆಯಾಗಿ ನಮೂದಿಸಬೇಕು. ಬದುಕಿರುವವರ ಜನ್ಮದಿನಾಂಕ, ಜಾತಿ, ಫೋನ್ ಸಂಖ್ಯೆಗಳನ್ನು ಹಾಕಕೂಡದು. ಶಾಲೆಯ ರಿಜಿಸ್ಟರನ್ನು ಹಾಗೆಯೇ ಎಲ್ಲರ ಮುಂದೆ ತೆರೆದಿಡುವುದೂ ಸಲ್ಲ. ಮುಖ್ಯೋಪಾಧ್ಯಾಯರ ಅನುಮತಿಯಿಂದ ಆಯಾ ಮನೆಯವರು ತಮ್ಮ ಮನೆಯ ವಿವರ ಮಾತ್ರ ಪಡೆಯಲಿ. ವರ್ಷದ ಶುಲ್ಕ ಕಟ್ಟದಿದ್ದರೆ ಜಾಲತಾಣ ಮುಚ್ಚಿಹೋಗುತ್ತದೆ. ಆದ್ದರಿಂದ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿ ಕಾಗದದ ಮೇಲೂ ಇರಬೇಕು.

ಮೂಲ ಹುಡುಕುವುದು ನಮ್ಮ ಮನೆತನ ದೊಡ್ಡದು, ನಿಮ್ಮದು ಚಿಕ್ಕದು ಎಂದು ವಾದ ಹೂಡುವುದಕ್ಕಲ್ಲ, ಹೊಲದ ತಕರಾರಿಗೆ ಕಾಗದ ಒದಗಿಸುವುದಕ್ಕೂ ಅಲ್ಲ. ನಾಲ್ಕು ತಲೆಮಾರು ಹಿಂದಕ್ಕೆ ಹೋದರೆ ಹೆಚ್ಚಿನವರು ಎಲ್ಲಿಂದಲೋ ಹಸಿವಿಗೋ ಕೆಲಸಕ್ಕೋ ಬಂದವರೇ ಎಂದು ತಿಳಿಯುತ್ತದೆ. ಬಂಗಾಳದವನ ಹುಟ್ಟೂರನ್ನು ಕಲ್ಲಿನಲ್ಲಿ ಕಾಪಾಡಿದ ಊರು ಇದು. ಇಲ್ಲಿ ಬಂದು ಬಾಳಿದ ಎಲ್ಲರ ಹೆಸರನ್ನೂ ಕಾಪಾಡುವುದು ಇದಕ್ಕೆ ಒಪ್ಪುವ ಕೆಲಸ.

ಸುವರ್ಣ ಮಹೋತ್ಸವಕ್ಕೆ ದೂರದೂರುಗಳಿಂದ ಬರುವ ಹಳೆಯ ವಿದ್ಯಾರ್ಥಿಗಳು ಕಾರ್ಯಕ್ರಮ ಮುಗಿದೊಡನೆ ಬಸ್ಸು ಹತ್ತದೆ ಮನೆಯ ಹಿರಿಯರ ಜೊತೆ ಒಂದು ತಾಸು ಕೂರಲಿ. ಮೊಬೈಲಿನಲ್ಲಿ ಅವರ ಮಾತನ್ನು ಹಿಡಿದಿಡಲಿ. ಮೊದಲ ಪ್ರಶ್ನೆ ಅಜ್ಜಿಗೇ ಇರಲಿ: ‘ಅಬೇ, ನಿಮ್ಮವ್ವನ ಹೆಸರೇನು? ಆಕೆಯ ತವರೂರು ಯಾವುದು?’